ಅರ್ಧ ದಾರಿಯ ತುಂಗನಾಥ

ದಸರಾ ರಜೆ ಬಂತೆಂದರೆ ಆಗೆಲ್ಲ ಚಾಮರಾಜಪೇಟೆಯ ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತು ಒಂದೇ ಕೆಲಸ, ಮನೆಮನೆಗೆ ಹೋಗಿ ಬೊಂಬೆ ನೋಡುವುದು. ಹೆಸರಿಗೆ ಬೊಂಬೆ, ಕಣ್ಣೆಲ್ಲ ತಿಂಡಿಯ ಮೇಲೆ. ಒಂದು ಮನೆಯಲ್ಲಿ ಕಡಲೆಕಾಳಿನ ಉಸಲಿ, ಇನ್ನೊಂದು ಮನೆಯಲ್ಲಿ ರವೆ ಉಂಡೆ, ಮೂಲೆಮನೆಯಲ್ಲಿ ತುಪ್ಪ ಸೋರುವ ಸಜ್ಜಪ್ಪ. ಕಾಗದದ ಪೊಟ್ಟಣದಲ್ಲಿ ಎಲ್ಲ ಬೆರೆತು ಅದಕ್ಕೊಂದು ಬೇರೆಯೇ ವಾಸನೆ ಬರುತ್ತಿತ್ತು. ನನ್ನ ವಯಸ್ಸಿನವರಿಗೆ ಆ ವಾಸನೆ ಇನ್ನೂ ನೆನಪಿರಬೇಕು. ನನಗೂ ಇದೆ, ಒಂದು ವರ್ಷದ್ದನ್ನು ಬಿಟ್ಟು. ನನಗೆ ಹನ್ನೊಂದು ತುಂಬಿದ ವರ್ಷ ನಮ್ಮ ಮನೆಯ ಬೊಂಬೆಗಳನ್ನು ನಾನು ನೋಡಲೇ ಇಲ್ಲ. ಆ ದಸರೆಯಲ್ಲಿ ನಾನು ಹಿಮಾಲಯದ ಒಂದು ಬೆಟ್ಟದ ದಾರಿಯಲ್ಲಿದ್ದೆ.

ಕಾಟನ್‌ಪೇಟೆಯಲ್ಲಿ ಅಜ್ಜನ ಕಾಲದ ಸಗಟು ಜವಳಿ ಅಂಗಡಿ ನಮ್ಮದು. ಜಮಖಾನ, ಹೊದಿಕೆ, ಟವೆಲ್ಲುಗಳ ವ್ಯಾಪಾರ. ಅಜ್ಜ ಹೋದ ಮೇಲೆ ಅಪ್ಪ ಮತ್ತು ಚಿಕ್ಕಪ್ಪ ಸೇರಿ ನಡೆಸುತ್ತಿದ್ದರು. ಇರುವುದು ಎಲ್ಲರೂ ಚಾಮರಾಜಪೇಟೆಯ ಒಂದೇ ಮನೆಯಲ್ಲಿ. ಸಂಜೆ ಇಬ್ಬರೂ ಮನೆಗೆ ಬಂದಾಗ ಅವರ ಅಂಗಿಯಿಂದ ಹೊಸ ಬಟ್ಟೆಯ ಗಂಜಿಯ ವಾಸನೆ ಬರುತ್ತಿತ್ತು. ಕತ್ತಲಲ್ಲಿ ಮೂಸಿದರೆ ಅಪ್ಪ ಯಾರು, ಚಿಕ್ಕಪ್ಪ ಯಾರು ಎಂದು ಹೇಳಲು ಆಗುತ್ತಿರಲಿಲ್ಲ. ಚಿಕ್ಕಪ್ಪನ ಮಗಳು ವೀಣಾ ನನಗಿಂತ ಕೆಲವು ತಿಂಗಳು ದೊಡ್ಡವಳು. ನಮ್ಮಿಬ್ಬರಿಗೂ ಒಂದೇ ಶಾಲೆ, ಒಂದೇ ಬೆಂಚು, ರಾತ್ರಿ ಒಂದೇ ಹೊದಿಕೆ. ಹೊದಿಕೆಯ ಅಂಗಡಿಯವರ ಮಕ್ಕಳಾಗಿ ಒಂದೇ ಹೊದಿಕೆಗೆ ಕಿತ್ತಾಡುತ್ತೀರಲ್ಲ ಎಂದು ಅಮ್ಮ ಬೈಯುತ್ತಿದ್ದಳು.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಅಣ್ಣ ತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆಯಿತು. ಏನು ಮಾತು, ಏಕೆ ಎಂದು ನಮಗೆ ಯಾರೂ ಹೇಳಲಿಲ್ಲ. ಅಮ್ಮನನ್ನು ಕೇಳಿದರೆ ದೊಡ್ಡವರ ವಿಷಯ ಎಂದಳು, ಚಿಕ್ಕಮ್ಮನನ್ನು ಕೇಳಿದರೆ ಅವಳೂ ಅದನ್ನೇ ಹೇಳಿದಳು. ಆ ರಾತ್ರಿ ಚಿಕ್ಕಪ್ಪ ಅರ್ಧ ಊಟದಲ್ಲಿ ಎದ್ದುಹೋದರು. ಮರುದಿನದಿಂದ ಇಬ್ಬರ ನಡುವೆ ಮಾತು ನಿಂತಿತು.

ಮಾತು ನಿಂತರೂ ವ್ಯಾಪಾರ ನಿಲ್ಲುವಂತಿರಲಿಲ್ಲ, ಮನೆ ನಡೆಯಲೇಬೇಕಿತ್ತು. ಹಾಗಾಗಿ ನಾನೂ ವೀಣಾಳೂ ಅಂಚೆಯವರಾದೆವು. ಅಪ್ಪ ಪೇಪರಿನ ಹಿಂದಿನಿಂದ, ‘ಈರೋಡಿನ ಲಾರಿ ನಾಳೆ ಬರತ್ತೆ ಅಂತ ನಿನ್ನ ಚಿಕ್ಕಪ್ಪಂಗೆ ಹೇಳು’ ಎನ್ನುವರು. ಚಿಕ್ಕಪ್ಪ ಅದೇ ಹಾಲಿನ ಇನ್ನೊಂದು ಕುರ್ಚಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡಿದ್ದರೂ ನಾನು ಹೋಗಿ ಹೇಳುವವರೆಗೆ ಕಾಯುವರು. ಆಮೇಲೆ ಅವರ ಉತ್ತರವನ್ನು ವೀಣಾ ಹೊತ್ತು ತರುವಳು. ಮೊದಮೊದಲು ಇದು ಆಟದಂತೆ ಇತ್ತು.

ಆಮೇಲೆ ಭಾಗ ಎನ್ನುವ ಮಾತು ಮನೆಯೊಳಗೆ ಬಂತು. ಭಾನುವಾರಗಳಂದು ನೆಂಟರಲ್ಲಿ ಹಿರಿಯರು ಒಬ್ಬಿಬ್ಬರು ಬಂದು ಹಾಲಿನಲ್ಲಿ ಕೂರುವರು. ಅಂಗಡಿ ಹೇಗೆ, ಮನೆ ಹೇಗೆ ಎಂದು ಕೇಳುವರು. ಅಪ್ಪ ಸೂರು ನೋಡುವರು, ಚಿಕ್ಕಪ್ಪ ನೆಲ ನೋಡುವರು. ಇಬ್ಬರೂ ಒಬ್ಬರಿಗೊಬ್ಬರು ಬಾಯಿ ಬಿಡದೆ ಯಾವುದನ್ನು ಹೇಗೆ ಹಂಚುವುದು? ಹಿರಿಯರು ಕಾಫಿ ಕುಡಿದು ಎದ್ದುಹೋಗುವರು. ಆದರೆ ಹಾಲಿನ ನಡುವೆ ಗೋಡೆ ಬರುತ್ತದೆ ಎಂಬ ಮಾತು ಮಾತ್ರ ನಮ್ಮ ಕಿವಿಗೆ ಬಿದ್ದಿತ್ತು. ಅವರು ಹೋದ ಮೇಲೆ ನಾವಿಬ್ಬರೂ ಕಂಬದಿಂದ ಕಂಬಕ್ಕೆ ನಡೆದು, ಗೋಡೆ ಇಲ್ಲಿ ಬಂದರೆ ಉಯ್ಯಾಲೆ ಯಾರ ಕಡೆ, ದೇವರ ಕೋಣೆ ಯಾರ ಕಡೆ ಎಂದು ಲೆಕ್ಕ ಹಾಕುತ್ತಿದ್ದೆವು. ಮೊದಲೇ ಕೂತಲ್ಲಿ ಕೂರದ ಮಗು ನಾನು, ಆ ದಿನಗಳಲ್ಲಂತೂ ನಿದ್ದೆಯಲ್ಲೂ ಕಾಲು ಆಡಿಸುತ್ತಿದ್ದೆನಂತೆ. ವೀಣಾ ಉಗುರು ಕಚ್ಚಲು ಶುರುಮಾಡಿದ್ದಳು.

ಅವರಿಬ್ಬರನ್ನು ಮತ್ತೆ ಮಾತಾಡಿಸಲು ಅವರ ತಾಯಿ, ನಮ್ಮ ಅಜ್ಜಿ, ಏನೇನು ಮಾಡಿದರೋ ನಮಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಹಾಲಿಗೆ ಬಂದು, ತಾನು ಕೇದಾರಕ್ಕೆ ಹೋಗಬೇಕು, ಇಬ್ಬರು ಗಂಡುಮಕ್ಕಳೂ ಜೊತೆಗೆ ಬರಬೇಕು ಎಂದುಬಿಟ್ಟರು. ಅಂಗಡಿ ಏನು ಮಾಡೋದು ಎಂದು ಅಪ್ಪ ಕೇಳಿದ್ದಕ್ಕೆ, ಗುಮಾಸ್ತರು ನೋಡಿಕೊಳ್ಳುತ್ತಾರೆ ಎಂದರು. ಚಿಕ್ಕಮ್ಮನ ಕೈಯಲ್ಲಿ ಎಳೆಗೂಸು, ಅಮ್ಮ ಬೊಂಬೆ ಕೂರಿಸಬೇಕು. ಅವರಿಬ್ಬರೂ ಬರುವಂತಿರಲಿಲ್ಲ. ಆದರೆ ಹುಡುಗಿಯರು ಬರುತ್ತಾರೆ ಎಂದರು ಅಜ್ಜಿ. ಅಷ್ಟು ದೂರ, ಆ ಚಳಿಗೆ ಮಕ್ಕಳೇಕೆ ಎಂದು ಅಮ್ಮ ತಡೆಯಲು ನೋಡಿದಳು.

‘ಇವೆರಡು ಇಲ್ದೆ ಹೋದ್ರೆ ನಿನ್ನ ಗಂಡನೂ ಮೈದುನನೂ ಒಂದು ಕಾಫಿ ಹೆಂಗೆ ತರಿಸ್ಕೋತಾರೆ?’ ಎಂದು ಅಜ್ಜಿ ಕೇಳಿದರು. ಅಮ್ಮ ನಮ್ಮ ಸ್ವೆಟರುಗಳನ್ನು ಹುಡುಕಲು ಒಳಗೆ ಹೋದಳು.

ದೆಹಲಿಗೆ ಎರಡು ರಾತ್ರಿಯ ರೈಲು. ಚಟ್ನಿಪುಡಿ, ಕೋಡುಬಳೆ, ಒಣಗಿದ ಚಪಾತಿ ತುಂಬಿದ ಡಬ್ಬಗಳು ಸೀಟಿನ ಕೆಳಗೆ. ಅಪ್ಪ ಒಂದು ಕಿಟಕಿಗೆ, ಚಿಕ್ಕಪ್ಪ ಎದುರಿನ ಕಿಟಕಿಗೆ. ಇಬ್ಬರ ಮೊಣಕಾಲುಗಳ ನಡುವೆ ಗೇಣಿಗಿಂತ ಕಡಿಮೆ ಜಾಗ ಇತ್ತು, ಆದರೂ ಮಾತು ನಮ್ಮ ಮೂಲಕವೇ ಓಡಾಡುತ್ತಿತ್ತು. ಆ ರೈಲಿನಲ್ಲೇ ವೀಣಾಳಿಗೆ ಒಂದು ಯೋಚನೆ ಬಂತು. ಹೇಗೂ ಮಾತು ಹೊತ್ತು ಒಯ್ಯುವವರು ನಾವು, ಅದಕ್ಕೆ ಸ್ವಲ್ಪ ಸಕ್ಕರೆ ಹಾಕಿದರೆ ಏನಂತೆ? ಗಾಳಿ ಜೋರಾಗಿದೆ, ಕಿಟಕಿ ಹಾಕಲು ಹೇಳು ಎಂದು ಅಪ್ಪ ಗೊಣಗಿದರು. ನಾನು ಹೋಗಿ, ‘ಚಿಕ್ಕಪ್ಪಾ, ನಿಮ್ಗೆ ಶೀತ ಆಗತ್ತಂತೆ, ಕಿಟಕಿ ಹಾಕ್ಕೋಬೇಕಂತೆ, ಅಪ್ಪ ಹೇಳಿದ್ರು’ ಎಂದೆ. ಚಿಕ್ಕಪ್ಪ ಅಣ್ಣನ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಟಕಿ ಇಳಿಸಿದರು. ನಾವಿಬ್ಬರೂ ಮೇಲಿನ ಬರ್ತ್‌ಗೆ ಹತ್ತಿ ಮುಖ ಮುಚ್ಚಿಕೊಂಡು ನಕ್ಕೆವು. ಭೋಪಾಲ್ ದಾಟುವ ಹೊತ್ತಿಗೆ ನಮ್ಮ ಸಕ್ಕರೆ ಜಾಸ್ತಿಯಾಗಿ ಗುಟ್ಟು ರಟ್ಟಾಯಿತು. ಚಿಕ್ಕಪ್ಪ ಕಾಲು ನೀಡಿಕೊಳ್ಳಬೇಕಂತೆ, ಅಪ್ಪ ತಮ್ಮ ಸೀಟು ಬಿಟ್ಟುಕೊಡುತ್ತಾರಂತೆ ಎಂದು ವೀಣಾ ತನ್ನ ಅಪ್ಪನಿಗೆ ಹೇಳಿದಾಗ ಅಪ್ಪ ಎದುರಿನಿಂದಲೇ ಗದರಿದರು.

ಕೇದಾರದ ದರ್ಶನ ಮಳೆಯಲ್ಲಿ, ನೂಕುನುಗ್ಗಲಿನಲ್ಲಿ ಮುಗಿದುಹೋಯಿತು. ಹತ್ತುವಾಗ ಐದು ಜನ ಐದು ಕುದುರೆಗಳ ಮೇಲೆ, ಒಬ್ಬರ ಬೆನ್ನು ಒಬ್ಬರಿಗೆ. ಗರ್ಭಗುಡಿಯಲ್ಲಿ ಅಜ್ಜಿಯ ಆ ಕಡೆ ಅಪ್ಪ, ಈ ಕಡೆ ಚಿಕ್ಕಪ್ಪ ನಿಂತು ಕಣ್ಣು ಮುಚ್ಚಿಕೊಂಡರು. ಹೊರಗೆ ಬಂದ ಮೇಲೂ ಅಪ್ಪ ನನ್ನ ಕಡೆ ತಿರುಗಿ, ಕುದುರೆಯವರು ಎಲ್ಲಿದ್ದಾರೆ ನೋಡಲು ನಿನ್ನ ಚಿಕ್ಕಪ್ಪನಿಗೆ ಹೇಳು ಎಂದರು. ಅಜ್ಜಿಯ ಮುಖ ನಾನು ನೋಡಿದೆ. ಅಷ್ಟು ದೂರ ಬಂದು ಕೇಳಿದ್ದು ಸಿಗದವರ ಮುಖ ಅದು.

ಕೆಳಗೆ ಊಖೀಮಠದಲ್ಲಿ ತಂಗಿದ್ದಾಗ ನಮ್ಮ ಕಡೆಯ ಯಾತ್ರಿಕರೊಬ್ಬರು, ತುಂಗನಾಥ ಇಲ್ಲಿಗೆ ಹತ್ತಿರ, ಇನ್ನು ಕೆಲವೇ ದಿನಗಳಲ್ಲಿ ಚಳಿಗಾಲಕ್ಕೆ ಬಾಗಿಲು ಹಾಕುತ್ತಾರೆ ಎಂದರು. ಅಜ್ಜಿ ತಕ್ಷಣ ಅಲ್ಲಿಗೂ ಹೋಗಬೇಕೆಂದರು. ಅಪ್ಪ ಕುದುರೆ ಮಾಡಿಸುತ್ತೇನೆ ಎಂದರು. ಅಜ್ಜಿ ಕುದುರೆ ಬೇಡ ಎಂದರು.

‘ಕೇದಾರದಲ್ಲಿ ಕುದುರೆ ಮೇಲೆ ಕೂತು ನಿಮ್ಮಿಬ್ರ ಬೆನ್ನು ನೋಡ್ಕೊಂಡು ಹೋದೆ. ಇಲ್ಲಿ ನಡೀತೀನಿ. ಒಂದು ಕೈ ನೀನು ಹಿಡ್ಕೊ, ಒಂದು ಕೈ ಅವನು ಹಿಡ್ಕೊಳ್ಳಲಿ.’

ಚೋಪ್ತಾ ಎಂಬಲ್ಲಿ ಬಸ್ಸು ನಮ್ಮನ್ನು ಇಳಿಸಿತು. ಊರೆಂದರೆ ರಸ್ತೆಯ ಅಂಚಿಗೆ ನಾಲ್ಕಾರು ತಗಡಿನ ಅಂಗಡಿಗಳು. ಅಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಎದ್ದಾಗ ಹುಲ್ಲಿನ ಮೇಲೆಲ್ಲ ಬಿಳಿ ಪುಡಿ ಉದುರಿದಂತೆ ಇತ್ತು. ನಾವು ಕೈಯಿಂದ ಬಾಚಿ ನೋಡಿದೆವು, ಮಂಜುಗಡ್ಡೆ. ಸೌದೆಯ ಹೊಗೆ, ಕುದುರೆಯ ಲದ್ದಿ, ಶುಂಠಿ ಹಾಕಿದ ಚಹಾ, ಇವು ಮೂರರ ವಾಸನೆ. ಚಹಾ ಕೊಟ್ಟ ಹೆಂಗಸು, ಶ್ರಾವಣದಲ್ಲಿ ಬರಬೇಕಿತ್ತು, ಆಗ ಬೆಟ್ಟದ ತುಂಬ ಹೂವಿರುತ್ತದೆ, ಈಗ ಉಳಿದದ್ದು ಪಳಿದದ್ದು ಎಂದಳು. ವ್ಯಾಪಾರಕ್ಕಾಗಿ ಹಿಂದಿ ಕಲಿತಿದ್ದ ಚಿಕ್ಕಪ್ಪ ಅದನ್ನು ಕನ್ನಡದಲ್ಲಿ ಹೇಳಿದರು.

‘ಸೀಸನ್ ಮುಗಿದ ಮೇಲೆ ಉಳಿದ ಸರಕಲ್ಲೂ ಒಳ್ಳೇದು ಇರತ್ತೆ ಬಿಡು’ ಎಂದು ಅಜ್ಜಿ ಊರುಗೋಲು ತೆಗೆದುಕೊಂಡು ಎದ್ದರು.

ಕಲ್ಲು ಹಾಸಿದ ದಾರಿ ಮೊದಲು ಕಾಡಿನೊಳಗೆ ಹತ್ತುತ್ತಿತ್ತು. ಮರಗಳ ಕೊಂಬೆಗಳಿಂದ ಹಸಿರು ನೂಲಿನ ಹಾಗೆ ಪಾಚಿ ಇಳಿಬಿದ್ದಿತ್ತು. ಬಿಳಿ ಗಡ್ಡದ, ಕರಿ ಮುಖದ ಮುಸುವಗಳು ಕೊಂಬೆಗಳ ಮೇಲೆ ಸಾಲಾಗಿ ಕೂತು ಎಲೆ ಅಗಿಯುತ್ತ ನಮ್ಮನ್ನು ನೋಡಿದವು. ಮೈತುಂಬ ಕೂದಲಿದ್ದ ಅವು ನಮ್ಮ ಕಡೆಯ ಮುಸುವಗಳಿಗಿಂತ ದಪ್ಪ. ಅಜ್ಜಿ ನಡುವೆ, ಅಪ್ಪ ಬಲಗಡೆ, ಚಿಕ್ಕಪ್ಪ ಎಡಗಡೆ. ಮೂವರೂ ಅಡ್ಡಡ್ಡ ಸಾಲಾಗಿ ನಿಧಾನ ಹೆಜ್ಜೆ ಇಡುತ್ತಿದ್ದರು. ಅಷ್ಟು ನಿಧಾನ ನನ್ನಿಂದ ಆಗುತ್ತಿರಲಿಲ್ಲ. ನಾನು ಮುಂದಕ್ಕೆ ಓಡಿ ಮೂರು ತಿರುವು ನೋಡಿಕೊಂಡು ಮತ್ತೆ ಕೆಳಗೆ ಬರುತ್ತಿದ್ದೆ. ಅವರು ಮಾತಾಡಿದರಾ ಎಂದು ವೀಣಾಳನ್ನು ಕಣ್ಣಲ್ಲೇ ಕೇಳುತ್ತಿದ್ದೆ. ಅವಳು ಇಲ್ಲವೆಂದು ತಲೆ ಆಡಿಸುತ್ತಿದ್ದಳು. ನಾನು ಮತ್ತೆ ಮೇಲಕ್ಕೆ ಓಡುತ್ತಿದ್ದೆ. ಹೀಗೆ ಆ ದಾರಿಯನ್ನು ನಾನು ಎರಡು ಸಲ ಹತ್ತಿದೆ.

ಕಾಡು ಮುಗಿಯುತ್ತಿದ್ದಂತೆ ಬೆಟ್ಟ ಬೋಳಾಗಿ ತೆರೆದುಕೊಂಡಿತು. ಮರಗಳು ಸೊಂಟದೆತ್ತರದ ಪೊದೆಗಳಾಗಿದ್ದವು, ಅವುಗಳ ಆಚೆ ಬರಿಯ ಹುಲ್ಲು. ಹುಲ್ಲು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಬಂಡೆಗಳ ಸಂದಿಯಲ್ಲಿದ್ದ ಅಗಲದ ಎಲೆಗಳು ಅಂಚಿನಿಂದ ಕೆಂಪಾಗುತ್ತ ಬಂದಿದ್ದವು. ಬಹಳಷ್ಟು ಗಿಡಗಳಲ್ಲಿ ಹೂವು ಹೋಗಿ ಬೀಜದ ಕೋಡುಗಳು ಮಾತ್ರ ನಿಂತಿದ್ದವು, ಕಾಲು ತಾಗಿದರೆ ಗಲಗಲ ಎನ್ನುತ್ತಿದ್ದವು. ಆದರೆ ಚಹಾದ ಹೆಂಗಸು ಹೇಳಿದಷ್ಟು ಬರಿದಾಗಿರಲಿಲ್ಲ. ಬಿಸಿಲು ಬೀಳುವ ಕಡೆಯೆಲ್ಲ ಗುಬ್ಬಿ ಮೊಟ್ಟೆಯಷ್ಟು ನೀಲಿ ಹೂಗಳು ನೆಲಕ್ಕೆ ಅಂಟಿಕೊಂಡು ಅರಳಿದ್ದವು. ಮುಟ್ಟಿದರೆ ಕಾಗದದ ಹಾಗೆ ಸದ್ದು ಮಾಡುವ ಬಿಳಿ ಹೂಗಳ ಗೊಂಚಲುಗಳಿದ್ದವು. ಹಳದಿ ಕಣ್ಣಿನ ತಿಳಿ ನೇರಳೆ ಸೇವಂತಿಗೆ ಜಾತಿಯವು, ಕಡ್ಡಿಗೆ ಸುತ್ತಿದಂಥ ಗುಲಾಬಿ ತೆನೆಗಳು.

ಆ ಹೂಗಳ ಹೆಸರು ನಮ್ಮ ಯಾರಿಗೂ ಗೊತ್ತಿರಲಿಲ್ಲ. ಆದರೆ ಬಣ್ಣಕ್ಕೆ ಹೆಸರಿಡುವುದರಲ್ಲಿ ಅಜ್ಜಿ ಪೇಟೆಯಲ್ಲೇ ಗಟ್ಟಿಗರು. ಉಸಿರು ಹಿಡಿಯಲು ನಿಂತಾಗಲೆಲ್ಲ ಊರುಗೋಲಿನಿಂದ ತೋರಿಸಿ, ಇದು ಬದನೆಕಾಯಿ ಬಣ್ಣ, ಇದು ಈರುಳ್ಳಿ ಸಿಪ್ಪೆ, ಇದು ಆನಂದ ನೀಲಿ, ಇಂಥ ನೀಲಿ ಹತ್ತಿ ನೂಲಿನಲ್ಲಿ ನಿಲ್ಲಲ್ಲ, ಎರಡು ಒಗೆತಕ್ಕೆ ಹೋಗಿಬಿಡತ್ತೆ ಎನ್ನುತ್ತಿದ್ದರು. ಒಂದು ಕಡೆ ಅಪ್ಪ ಗುಲಾಬಿ ತೆನೆಯನ್ನು ರಾಣಿ ಬಣ್ಣ ಎಂದರು. ಚಿಕ್ಕಪ್ಪ ಗಾಳಿಗೆ ಹೇಳುವಂತೆ, ರಾಣಿ ಅಲ್ಲ, ಕನಕಾಂಬರಕ್ಕೆ ಹತ್ತಿರ ಎಂದರು. ನಾನೂ ವೀಣಾಳೂ ಅಪ್ಪನ ಕಡೆ ತಿರುಗಿದೆವು. ಅಪ್ಪ ಅಜ್ಜಿಯ ಕೈ ಹಿಡಿದು ಮುಂದೆ ನಡೆದರು.

ಬಂಡೆಯೊಂದರ ಕೆಳಗೆ ವೀಣಾ ನನ್ನ ಕೈ ಹಿಡಿದು ನಿಲ್ಲಿಸಿದಳು. ಬಾಲವಿಲ್ಲದ ಇಲಿಯಂಥ, ದುಂಡು ಕಿವಿಯ ಪುಟ್ಟ ಪ್ರಾಣಿ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಕಲ್ಲಿನಿಂದ ಕಲ್ಲಿಗೆ ಓಡುತ್ತಿತ್ತು. ಹಿಮ ಬೀಳುವ ಮೊದಲು ಅದು ತನ್ನ ಮನೆ ತುಂಬಿಸಿಕೊಳ್ಳುತ್ತಿದೆ ಎಂದು ಚಿಕ್ಕಪ್ಪ ಹೇಳಿದರು. ಅದೊಂದೇ ಇದೆಯಾ, ಅದರ ಮನೆಯವರೆಲ್ಲ ಎಲ್ಲಿ ಎಂದು ವೀಣಾ ಕೇಳಿದಳು. ಚಿಕ್ಕಪ್ಪ ಬಗ್ಗಿ ಬಂಡೆಯ ಸಂದಿಯೊಳಗೆ ನೋಡಿದರು. ಅಷ್ಟರಲ್ಲಿ ಇಳಿಜಾರಿನ ಪೊದೆಯಿಂದ ಸಿಳ್ಳೆ ಹಾಕಿದ ಹಾಗೆ ಕೂಗುತ್ತ ಒಂದು ದೊಡ್ಡ ಹಕ್ಕಿ ಎದ್ದು ನಮ್ಮ ಕಾಲ ಕೆಳಗಿನ ಕಣಿವೆಗೆ ಹಾರಿತು. ಬಿಸಿಲಿಗೆ ಅದರ ಮೈಯಲ್ಲಿ ಹಸಿರು, ನೀಲಿ, ತಾಮ್ರ ಒಂದರ ಮೇಲೊಂದು ಮಿಂಚಿದವು. ಮೋನಾಲ್ ಎಂದು ಅದರ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿ ಬಾಯಿ ತೆರೆದು ನೋಡುತ್ತ ನಿಂತರು. ಈ ಬಣ್ಣಕ್ಕೆ ನನ್ನ ಹತ್ರ ಹೆಸರಿಲ್ಲ ಎಂದರು. ಅವರು ಆ ದಾರಿಯಲ್ಲಿ ನಗುತ್ತ ಆಡಿದ ಕೊನೆಯ ಮಾತು ಅದು.

ಕಣಿವೆಯಿಂದ ಮೋಡ ಮೇಲೇರಿ ಬಂತು. ಸೂರ್ಯ ಮರೆಯಾದ ಸ್ವಲ್ಪ ಹೊತ್ತಿಗೆ ನಾನು ಕಾಲ ಬಳಿ ನೋಡಿದರೆ ನೀಲಿ ಹೂವೆಲ್ಲ ಮುಚ್ಚಿಕೊಂಡಿದ್ದವು. ಯಾರೋ ಬಂದು ಒಂದೊಂದನ್ನೇ ಬೆರಳಲ್ಲಿ ತಿರುಚಿ ಹೋದಂತೆ. ನನಗೆ ಏಕೋ ಭಯವಾಯಿತು. ಅದನ್ನು ತೋರಿಸಲು ತಿರುಗಿದಾಗ ಅಜ್ಜಿ ದಾರಿಯಂಚಿನ ಕಲ್ಲಿನ ಮೇಲೆ ಕುಸಿದು ಕೂತಿದ್ದರು. ತುಟಿ ಕಪ್ಪಗಾಗಿತ್ತು. ಎದೆ ಏರಿಳಿಯುತ್ತಿತ್ತೇ ಹೊರತು ಉಸಿರು ಒಳಗೆ ಹೋದಂತೆ ಕಾಣಲಿಲ್ಲ. ಅಮ್ಮಾ, ಅಮ್ಮಾ ಎಂದು ಅಪ್ಪನೂ ಚಿಕ್ಕಪ್ಪನೂ ಎರಡು ಕಿವಿಯಲ್ಲಿ ಕರೆಯುತ್ತಿದ್ದರು. ಅಜ್ಜಿಯ ಕಣ್ಣು ಯಾರ ಮೇಲೂ ನಿಲ್ಲಲಿಲ್ಲ.

ಮೇಲಿನಿಂದ ಇಳಿದು ಬರುತ್ತಿದ್ದ ಗಡ್ಡದ ಸಾಧುವೊಬ್ಬರು ನಿಂತು ನೋಡಿದರು. ಗಾಳಿ ತೆಳುವಾಗಿದೆ, ಇವರಿಗೆ ಔಷಧ ಎಂದರೆ ಕೆಳಗೆ ಇಳಿಸುವುದೊಂದೇ, ಕೂರಿಸಬೇಡಿ, ಈಗಲೇ ಹೊರಡಿ ಎಂದು ಹಿಂದಿಯಲ್ಲಿ ಹೇಳಿದರು. ಸುತ್ತಮುತ್ತ ಒಂದು ಕುದುರೆಯೂ ಇರಲಿಲ್ಲ. ಸೀಸನ್ ಮುಗಿದಿತ್ತು.

ಅಪ್ಪ ಅಜ್ಜಿಯನ್ನು ಒಬ್ಬರೇ ಎತ್ತಲು ಹೋಗಿ ಕಲ್ಲಿನ ಮೇಲೆ ಜಾರಿದರು. ಚಿಕ್ಕಪ್ಪ ಅವರ ರಟ್ಟೆ ಹಿಡಿದು ನಿಲ್ಲಿಸಿದರು. ಆಮೇಲೆ ಅಪ್ಪ ತಮ್ಮ ಎಡ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡು ಚಿಕ್ಕಪ್ಪನ ಕಡೆ ಚಾಚಿದರು. ನಾವು ಶಾಲೆಯಲ್ಲಿ ಆಡುವಾಗ ನಾಲ್ಕು ಕೈ ಹೆಣೆದು ಮಾಡುತ್ತಿದ್ದ ಕುರ್ಚಿ ಅದು.

‘ಹಿಡ್ಕೊ ಸೋಮು’ ಎಂದರು.

ಯುಗಾದಿಯಿಂದ ಆ ಹೆಸರು ಅಪ್ಪನ ಬಾಯಲ್ಲಿ ಬಂದಿರಲಿಲ್ಲ. ಚಿಕ್ಕಪ್ಪ ಹಿಡಿದರು. ಹಿಡಿದವರೇ, ‘ಅಣ್ಣ, ಉಂಗುರ ಚುಚ್ಚತ್ತೆ ನಿಂಗೆ, ತಡಿ’ ಎಂದು ಉಂಗುರವನ್ನು ಹಲ್ಲಿನಿಂದ ಕಚ್ಚಿ ತೆಗೆದು ವೀಣಾಳ ಕೈಗೆ ಉಗಿದರು. ಸಾಧುವೂ ನಾವೂ ಸೇರಿ ಅಜ್ಜಿಯನ್ನು ಆ ಕೈಗಳ ಮೇಲೆ ಕೂರಿಸಿದೆವು. ಅಜ್ಜಿಯ ತೋಳುಗಳು ಇಬ್ಬರ ಕುತ್ತಿಗೆಗೂ ಬಿದ್ದವು.

ಇಳಿಯುವಾಗ ಇಬ್ಬರ ಕಣ್ಣಿಗೂ ಕಾಲಡಿ ಕಾಣುತ್ತಿರಲಿಲ್ಲ. ನನ್ನನ್ನೂ ವೀಣಾಳನ್ನೂ ಮುಂದೆ ಕಳಿಸಿದರು. ಮೆಟ್ಟಿಲು ಬಂದರೆ ನಾವು ಕೂಗಬೇಕು. ಆದರೆ ಸ್ವಲ್ಪ ದೂರ ಹೋದ ಮೇಲೆ ನಾವು ಕೂಗುವ ಅಗತ್ಯವೇ ಬೀಳಲಿಲ್ಲ. ಹಿಂದಿನಿಂದ ಅವರ ದನಿಗಳೇ ಒಂದಕ್ಕೊಂದು ದಾರಿ ತೋರಿಸುತ್ತಿದ್ದವು. ‘ಎಡಗಡೆ ಕಲ್ಲು.’ ‘ಹೂಂ.’ ‘ನಿಧಾನ, ಒದ್ದೆ ಇದೆ.’ ‘ನಿಂಗೆ ಸುಸ್ತಾಯ್ತಾ?’ ‘ಇಲ್ಲ, ನೀನು ನಡಿ.’ ದಾರಿ ಇಕ್ಕಟ್ಟಾದಲ್ಲಿ ಚಿಕ್ಕಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತರು, ಅಪ್ಪ ಹಿಂದಿನಿಂದ ಆನಿಸಿ ಹಿಡಿದರು. ಹಳದಿ ಕೊಕ್ಕಿನ ಕಾಗೆಗಳು ಮಂಜಿನಲ್ಲಿ ನಮ್ಮ ತಲೆಯ ಮೇಲೇ ಸುತ್ತುತ್ತಿದ್ದವು. ನನಗೆ ಅಜ್ಜಿಗೆ ಏನಾಗುವುದೋ ಎಂಬ ಭಯ ಒಂದು ಕಡೆ. ಅವರು ಮಾತಾಡುತ್ತಿದ್ದಾರೆ, ಮಾತಾಡುತ್ತಿದ್ದಾರೆ ಎಂಬ ಕುಣಿತ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಹೇಗಿದ್ದವೋ ಈಗಲೂ ತಿಳಿಯದು. ವೀಣಾ ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ಅಳುತ್ತ ನಗುತ್ತ ನಡೆಯುತ್ತಿದ್ದಳು.

ಮುಸುವಗಳಿದ್ದ ಕಾಡಿಗೆ ಬಂದಾಗ ಅಜ್ಜಿಯ ತುಟಿಗೆ ಬಣ್ಣ ತಿರುಗಿತು. ಚೋಪ್ತಾ ತಲುಪಿ ಒಲೆಯ ಪಕ್ಕ ಕೂರಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಸುತ್ತ ನೋಡಿದರು. ಚಹಾದ ಹೆಂಗಸು ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿ ಕುಡಿಸಿದಳು. ಮಾತು ಬಂದ ಕೂಡಲೇ ಅಜ್ಜಿ ಕೇಳಿದ್ದು ದೇವಸ್ಥಾನ ಎಲ್ಲಿ ಎಂದು. ಅರ್ಧ ದಾರಿಯಿಂದಲೇ ಕೆಳಗೆ ಕರೆತಂದೆವು ಎಂದು ತಿಳಿದಾಗ ಇಬ್ಬರು ಮಕ್ಕಳಿಗೂ ಸರಿಯಾಗಿ ಬೈದರು. ಇಷ್ಟು ದೂರ ಬಂದು ದರ್ಶನ ಇಲ್ಲದೆ ಮಾಡಿದಿರಿ, ಇನ್ನೊಂದು ಸ್ವಲ್ಪ ಹೊತ್ತು ಕೂರಿಸಿದ್ದರೆ ನಾನೇ ಎದ್ದು ನಡೆಯುತ್ತಿದ್ದೆ ಎಂದರು. ಇಬ್ಬರೂ ತಲೆ ತಗ್ಗಿಸಿ ಬೈಸಿಕೊಂಡರು. ಆಮೇಲೆ ಒಂದೇ ತಟ್ಟೆಯ ಎದುರು ಕೂತು ಅನ್ನ, ರಾಜ್ಮಾ ತಿಂದರು. ಅಜ್ಜಿಯನ್ನು ಹೊತ್ತು ಬೆರಳು ಮರಗಟ್ಟಿ ಅಪ್ಪನಿಗೆ ತುತ್ತು ಎತ್ತಲಾಗುತ್ತಿರಲಿಲ್ಲ. ಚಿಕ್ಕಪ್ಪ ಚಮಚ ಕೇಳಿ ತರಿಸಿಕೊಟ್ಟರು. ಅಜ್ಜಿ ಅದನ್ನು ನೋಡಿದರು. ಬೈಗುಳ ಅಲ್ಲಿಗೆ ನಿಂತಿತು.

ವಾಪಸು ಬರುವ ರೈಲಿನಲ್ಲಿ ನಮಗೆ ಕೆಲಸವೇ ಇರಲಿಲ್ಲ. ಅಪ್ಪ, ಚಿಕ್ಕಪ್ಪ ಒಂದೇ ಕಿಟಕಿಯ ಬಳಿ ಎದುರುಬದುರು ಕೂತು ಮಾತಾಡುತ್ತಿದ್ದರು. ಸಿಟ್ಟಿಲ್ಲ, ಗದರಿಕೆಯಿಲ್ಲ, ಹಳೆಯ ಕಾಲದ ಹಾಗೆ. ನಾವು ಮೇಲಿನ ಬರ್ತ್‌ನಲ್ಲಿ ಮಲಗಿ ಊರಿಗೆ ಹೋದ ಮೇಲೆ ಏನೇನು ಆಡಬೇಕು ಎಂದು ಹೇಳಿಕೊಳ್ಳುತ್ತಿದ್ದೆವು. ಎರಡನೆಯ ದಿನ ಮಧ್ಯಾಹ್ನ ವೀಣಾ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಕೆಳಗೆ ಕಿವಿಗೊಟ್ಟಳು.

‘ಶಶಿ, ಕೇಳಿಸ್ಕೋ.’

ಚಿಕ್ಕಪ್ಪ ಹೇಳುತ್ತಿದ್ದರು, ಹಿಂದಿನ ಬಾಗಿಲು ನಮಗಿರಲಿ, ಅತ್ತಿಗೆಗೆ ಅಡಿಗೆಮನೆ ಬೇಕೇ ಬೇಕು, ನಾವು ಉಗ್ರಾಣವನ್ನೇ ಅಡಿಗೆಮನೆ ಮಾಡಿಕೊಳ್ಳುತ್ತೇವೆ. ಅದು ಬೇಡ, ಉಗ್ರಾಣದಲ್ಲಿ ಬೆಳಕಿಲ್ಲ, ಗೋಡೆಯನ್ನು ಒಂದು ಕಂಬ ಈಚೆ ಹಾಕೋಣ, ನಿನಗೆ ಕಿಟಕಿ ಸಿಗುತ್ತದೆ ಎಂದರು ಅಪ್ಪ. ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಿಟ್ಟುಕೊಡುತ್ತಿದ್ದರು. ಅಷ್ಟು ಪ್ರೀತಿಯ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿಯೇ ಇರಲಿಲ್ಲ.

‘ಭಾಗ ಮಾಡ್ತಿದಾರೆ ಕಣೇ’ ಎಂದಳು ವೀಣಾ.

ಆ ಸಂಜೆಯವರೆಗೆ ನಾನು ಆ ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದಾಡಿದೆ. ಕೂರು ಎಂದು ಅಪ್ಪ ಹೇಳಿದರು, ಚಿಕ್ಕಪ್ಪ ಕೋಡುಬಳೆ ಕೊಟ್ಟು ಕೂರಿಸಲು ನೋಡಿದರು. ಕೂರಲು ಆಗಲಿಲ್ಲ. ಅಷ್ಟು ತಿಂಗಳು ಗೋಡೆ ಎದ್ದಿರಲಿಲ್ಲ, ಯಾಕೆಂದರೆ ಅದರ ಬಗ್ಗೆ ಮಾತಾಡಲು ಇಬ್ಬರಿಗೂ ಬಾಯಿ ಬರುತ್ತಿರಲಿಲ್ಲ. ಈಗ ಬಾಯಿ ಬಂದಿತ್ತು. ನಮ್ಮ ಸಕ್ಕರೆ ಮಾತುಗಳು, ಅಜ್ಜಿಯ ಯಾತ್ರೆ, ಎಲ್ಲವೂ ಕೂಡಿ ಆದದ್ದು ಇದು ಎಂದು ಹನ್ನೊಂದು ವರ್ಷದ ತಲೆಗೆ ಪೂರ್ತಿ ಹೊಳೆಯದಿದ್ದರೂ ಕಾಲಿಗೆ ಹೊಳೆದಿತ್ತೋ ಏನೋ.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡೇ ಮಲಗಿದ್ದರು. ನಾನು ಹತ್ತಿರ ಹೋಗಿ ಅವರ ಕಾಲ ಬಳಿ ನಿಂತೆ. ನೀವಾದರೂ ಹೇಳಿ ಅಜ್ಜಿ ಎಂದು ಕೇಳಬೇಕೆಂದಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ನನಗೆ ಮಾತ್ರ ಕೇಳುವಂತೆ ಹೇಳಿದರು:

‘ಮಾತಾಡ್ಲಿ ಅಂತ ಅಷ್ಟು ದೂರ ಕರ್ಕೊಂಡು ಹೋದೆ ಮಗಾ. ಏನು ಮಾತಾಡ್ಬೇಕು ಅಂತ ಹೇಳೋದು ಮರ್ತ್‌ಬಿಟ್ಟೆ.’

ದೀಪಾವಳಿಗೆ ಮುಂಚೆಯೇ ಗೋಡೆ ಎದ್ದಿತು. ಹಿರಿಯರು ಬರಬೇಕಾಗಲಿಲ್ಲ, ಜಗಳವಾಗಲಿಲ್ಲ, ಯಾರೂ ಅಳಲಿಲ್ಲ. ಗಾರೆಯವರಿಗೆ ಎರಡೂ ಕಡೆಯಿಂದ ಕಾಫಿ ಹೋಯಿತು. ಹಸಿ ಸಿಮೆಂಟಿನ ವಾಸನೆಯಲ್ಲಿ ನಾನೂ ವೀಣಾಳೂ ಕೆಲವು ದಿನ ಗೋಡೆಗೆ ಕಿವಿಯಿಟ್ಟು ಒಬ್ಬರನ್ನೊಬ್ಬರು ಕರೆದು ನೋಡಿದೆವು. ಅಪ್ಪ ಒಳ್ಳೆಯ ಇಟ್ಟಿಗೆಯನ್ನೇ ಹಾಕಿಸಿದ್ದರು, ಏನೂ ಕೇಳಿಸುತ್ತಿರಲಿಲ್ಲ. ಅಜ್ಜಿ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ ಇದ್ದರು. ಎಲ್ಲಿದ್ದರೂ ಇನ್ನೊಂದು ಕಡೆಯ ಸಾರಿನ ರುಚಿ ಹೇಳುತ್ತಿದ್ದರು. ಎರಡು ವರ್ಷದ ಮೇಲೆ ಚಿಕ್ಕಪ್ಪ ತಮ್ಮ ಭಾಗವನ್ನು ಅಪ್ಪನಿಗೇ ಕೊಟ್ಟು ರಾಜಾಜಿನಗರಕ್ಕೆ ಹೋದರು. ಅಜ್ಜಿ ತೀರಿಕೊಂಡದ್ದು ಅದಾದ ಮರು ಚಳಿಗಾಲದಲ್ಲಿ, ನಮ್ಮ ಮನೆಯಲ್ಲೇ.

ಅಣ್ಣ ತಮ್ಮ ಮತ್ತೆಂದೂ ಮಾತು ಬಿಡಲಿಲ್ಲ. ಪ್ರತಿ ಭಾನುವಾರ ಚಿಕ್ಕಪ್ಪ ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬರಬಹುದಾ ಅತ್ತಿಗೆ ಎಂದು ಕೇಳಿ ಒಳಗೆ ಬರುವರು. ಅಮ್ಮ ಅವರಿಗೆ ಒಳ್ಳೆಯ ಲೋಟದಲ್ಲಿ ಕಾಫಿ ಕೊಡುವಳು. ಚಿಕ್ಕಪ್ಪ ತಾವು ಹುಟ್ಟಿದ ಮನೆಯಲ್ಲಿ ಕುರ್ಚಿಯ ಅಂಚಿಗೆ ಕೂತು, ಹೊರಡುವಾಗ ಬರ್ತೀನಿ ಎಂದು ಎಲ್ಲರಿಗೂ ಹೇಳಿ ಹೋಗುವರು. ಮಾತಾಡದೆ ಮುನಿದುಕೊಂಡಿದ್ದ ಆ ತಿಂಗಳುಗಳಲ್ಲಿ ಅವರು ಅದೇ ಹಾಲಿನಲ್ಲಿ ಬನಿಯನ್ನಿನಲ್ಲಿ ಕೂತು ಕಾಲು ಚಾಚಿ ಪೇಪರು ಓದುತ್ತಿದ್ದರು. ನನಗೆ ಆ ಮುನಿಸೇ ಚೆನ್ನಾಗಿತ್ತು ಅನಿಸುತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ಈಗ ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಅಂಗಡಿಯೂ ಕೈಬಿಟ್ಟು ಹೋಗಿದೆ. ಚಾಮರಾಜಪೇಟೆಯ ಮನೆಯ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ, ಗೋಡೆಗಳನ್ನು ಎಣಿಸುವವರಿಲ್ಲ.

ವೀಣಾ ಮೈಸೂರಿನಲ್ಲಿದ್ದಾಳೆ. ವರ್ಷಕ್ಕೊಮ್ಮೆ ಯಾವುದಾದರೂ ಮದುವೆಯಲ್ಲಿ ಸಿಗುತ್ತೇವೆ, ಸೀರೆ ನೋಡಿಕೊಳ್ಳುತ್ತೇವೆ, ಊಟದ ಸಾಲಿನಲ್ಲಿ ಪಕ್ಕಪಕ್ಕ ಕೂರುತ್ತೇವೆ. ಹೋದ ತಿಂಗಳು ಮಲ್ಲೇಶ್ವರದ ಒಂದು ಛತ್ರದಲ್ಲಿ ಹಾಗೆ ಸಿಕ್ಕಾಗ ಅವಳ ಮಗಳ ಪಕ್ಕ ನನ್ನ ಮಗಳು ಕೂತಿದ್ದಳು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಮದುವೆಗಳಿಗೆ ಇಬ್ಬರೂ ಬರುವುದು ಅಪರೂಪ. ಪಾಯಸ ಬರುವವರೆಗೂ ಇಬ್ಬರೂ ತಮ್ಮ ತಮ್ಮ ಎಲೆ ನೋಡುತ್ತ ಕೂತಿದ್ದರು. ಆಮೇಲೆ ವೀಣಾಳ ಮಗಳು ತಿರುಗಿ, ತುಂಬ ಮರ್ಯಾದೆಯಿಂದ, ನಿಮ್ಮ ಹೆಸರೇನು ಎಂದು ಕೇಳಿದಳು. ವೀಣಾ ನನ್ನ ಮುಖ ನೋಡಿದಳು.

ಮನೆಗೆ ಬರುವಾಗ ಆಟೋದಲ್ಲಿ ನನ್ನ ಮಗಳು ಕೇಳಿದಳು, ‘ಅಮ್ಮ, ಆ ಹುಡುಗಿ ನಮಗೆ ಏನಾಗ್ಬೇಕು?’

‘ಅಕ್ಕ’ ಎಂದೆ.

‘ಅಂದ್ರೆ ಕಸಿನ್ನಾ?’

‘ಅಲ್ಲ, ಅಕ್ಕ’ ಎಂದೆ ಮತ್ತೆ. ಅವಳು ತಲೆಯಾಡಿಸಿ ಫೋನು ನೋಡತೊಡಗಿದಳು. ಅವಳಿಗೆ ಅರ್ಥವಾಗಿರಲಿಲ್ಲ, ಬಿಡಿಸಿ ಹೇಳಲು ನನಗೂ ಬರಲಿಲ್ಲ.